ಫಿಲಿಪಿನೊ ಫ್ಲೈವೇಟ್ ಬಾಕ್ಸರನ ಬೆನ್ನು ಹತ್ತುವುದು ಹೇಗೆ? ಮೊದಲು ತೂಕ ನೋಡಿ

ಒಬ್ಬ ಬಾಕ್ಸರನನ್ನು ಶಾಲಾ ಪಂದ್ಯದಿಂದ ಹಿಡಿದು ವಿಶ್ವ ಬೆಲ್ಟ್‌ವರೆಗೆ, ಅಂದರೆ ವಿಶ್ವ ಚಾಂಪಿಯನ್ ಪಟ್ಟದವರೆಗೆ, ಹಿಂಬಾಲಿಸಿ ನೋಡಬೇಕು ಅಂತ ಆಸೆಯಿದ್ದರೆ, ಫಿಲಿಪ್ಪೀನ್ಸ್‌ನ ಫ್ಲೈವೇಟ್ ಹುಡುಗನನ್ನೇ ಆರಿಸಿಕೊಳ್ಳಿ. ಹೆವಿವೇಟ್‌ನವರು ವರ್ಷಕ್ಕೆ ಒಂದು ಸಲ ರಿಂಗಿಗೆ ಇಳಿದರೆ ಹೆಚ್ಚು. ಈ ಸಣ್ಣ ಮೈಯವರು ಬೆಳೆಯುವ ವಯಸ್ಸಿನಲ್ಲಿ ಮೇಲಿಂದ ಮೇಲೆ ಆಡುತ್ತಾರೆ. ಸಿಕ್ಕ ಊರಿಗೆ ಹೋಗುತ್ತಾರೆ, ಸಿಕ್ಕವರ ಜೊತೆ ಹೊಡೆದಾಡುತ್ತಾರೆ. ನೋಡುವುದಕ್ಕೂ ಕಲಿಯುವುದಕ್ಕೂ ಜಾಸ್ತಿ ಸಿಗುತ್ತದೆ.

ಫ್ಲೈವೇಟ್ ಅಂದರೆ 112 ಪೌಂಡ್, ಅಂದರೆ 50.8 ಕಿಲೋ. ಇಂಥವರು ಇಬ್ಬರು ಸೇರಿದರೂ ಹೆವಿವೇಟ್‌ನ ಒಬ್ಬ ಟೈಸನ್ ಫ್ಯೂರಿಯ ತೂಕ ಬರುವುದಿಲ್ಲ. ಅದಕ್ಕೇ ನಮ್ಮ ಪತ್ರಿಕೆಗಳಲ್ಲಿ ಇವರ ಸುದ್ದಿ ಒಂದು ಮೂಲೆಯಲ್ಲೂ ಬರುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹಾಗಲ್ಲ. 1923ರಲ್ಲೇ ಪಾಂಚೊ ವಿಲ್ಲಾ ಎಂಬ ಹೆಸರಿನಲ್ಲಿ ಆಡುತ್ತಿದ್ದ ಫ್ರಾನ್ಸಿಸ್ಕೊ ಗಿಲ್ಯೆಡೊ, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಜಿಮ್ಮಿ ವೈಲ್ಡ್‌ರನ್ನು ಏಳನೇ ಸುತ್ತಿನಲ್ಲಿ ಮಲಗಿಸಿ ಏಷ್ಯಾದ ಮೊದಲ ವಿಶ್ವ ಚಾಂಪಿಯನ್ ಆದರು. ಅದೂ ಫ್ಲೈವೇಟ್‌ನಲ್ಲೇ. ಅಲ್ಲಿಂದ ಇಲ್ಲಿಯವರೆಗೆ ಆ ದೇಶ ಈ ತೂಕವನ್ನು ತನ್ನದೇ ಅಂದುಕೊಂಡಿದೆ.

ನಾನು ವೈದ್ಯೆ. ಊರು ದಾವಣಗೆರೆ, ಓದಿದ್ದು ಫಿಲಿಪ್ಪೀನ್ಸ್‌ನ ದಾವಾವೋದಲ್ಲಿ. ಮೆಡಿಕಲ್ ಓದಲು ಅಲ್ಲಿಗೆ ಹೋಗುವ ಭಾರತದ ಮಕ್ಕಳು ಬಹಳ ಜನ, ನಾನೂ ಅವರಲ್ಲಿ ಒಬ್ಬಳು. ನಾವಿದ್ದ ಬಾಡಿಗೆ ಮನೆಯ ಯಜಮಾನರನ್ನು ಎಲ್ಲರೂ ಕುಯಾ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆವು. ಬಾಕ್ಸಿಂಗ್ ನೋಡಲು ಕಲಿಸಿದವರು ಅವರು. ಟಿವಿಯಲ್ಲಿ ಯಾರೇ ಬರಲಿ, ಅವರ ಮೊದಲ ಪ್ರಶ್ನೆ ಒಂದೇ: "ತೂಕ ಎಷ್ಟು ಬಂತಂತೆ?" ಗೆಲುವು, ಸೋಲು, ನಾಕೌಟ್ ಎಲ್ಲ ಆಮೇಲೆ. ಡಾಕ್ಟರ್ ಆದ ಮೇಲೆ ನನಗೂ ಅದೇ ಸರಿ ಅನ್ನಿಸಿದೆ. ಈ ಕೈಪಿಡಿಯ ಉದ್ದಕ್ಕೂ ಆ ಪ್ರಶ್ನೆ ಬರುತ್ತಲೇ ಇರುತ್ತದೆ.

ಊರು ನೋಡಿ ಹುಡುಗನನ್ನು ಹುಡುಕಿ

ಮನಿಲಾದಿಂದ ಶುರು ಮಾಡಬೇಡಿ. ಬಾಕ್ಸರ್‌ಗಳು ಅಲ್ಲಿಗೆ ಬಂದು ಸೇರುತ್ತಾರೆ, ಹುಟ್ಟುವುದು ಬೇರೆ ಕಡೆ. ದಕ್ಷಿಣದ ಮಿಂಡನಾವೊ ದ್ವೀಪ, ನಡುವಿನ ವಿಸಯಾಸ್ ದ್ವೀಪಗಳು, ಈ ಎರಡು ಕಡೆ ಕಣ್ಣಿಡಿ. ಕಬ್ಬು ಬೆಳೆಯುವ ನೆಗ್ರೋಸ್ ಆಕ್ಸಿಡೆಂಟಲ್ ಪ್ರಾಂತ್ಯ ಒಂದನ್ನೇ ತೆಗೆದುಕೊಳ್ಳಿ. ಪಾಂಚೊ ವಿಲ್ಲಾ ಅಲ್ಲಿನ ಇಲೋಗ್‌ನವರು. ಒಲಿಂಪಿಕ್ಸ್ ಪದಕ ಗೆದ್ದ ರೋಯೆಲ್ ಮತ್ತು ಮನ್ಸುಯೆಟೊ ವೆಲಾಸ್ಕೊ ಸಹೋದರರು ಬಾಗೊದವರು. ನಾಲ್ಕು ತೂಕಗಳಲ್ಲಿ ಬೆಲ್ಟ್ ಗೆದ್ದ ಡಾನಿ ನಿಯೆಟೆಸ್ ಮುರ್ಸಿಯಾದವರು. ಟ್ಯೂನಾ ಮೀನಿನ ಬಂದರು ಜನರಲ್ ಸಾಂಟೊಸ್‌ನಿಂದ ಮ್ಯಾನಿ ಪ್ಯಾಕಿಯಾವ್ ಬಂದರು, ನೊನಿಟೊ ಡೊನೇರ್ ಸಣ್ಣವರಿದ್ದಾಗ ಬೆಳೆದದ್ದೂ ಅಲ್ಲೇ. ನಾನಿದ್ದ ದಾವಾವೋದಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಬಾಳೆತೋಟಗಳ ಊರು ಪನಾಬೊ. ಒಲಿಂಪಿಯನ್ ಮಾರ್ಕ್ ಆಂಥನಿ ಬಾರಿಗಾ ಆ ಊರಿನವರು. ಐದು ವರ್ಷಕ್ಕೂ ಮೇಲೆ ಐಬಿಎಫ್ ಎಂಬ ವಿಶ್ವ ಸಂಸ್ಥೆಯ ಸೂಪರ್ ಫ್ಲೈವೇಟ್ (115 ಪೌಂಡ್) ಬೆಲ್ಟ್ ಇಟ್ಟುಕೊಂಡಿದ್ದ ಜೆರ್ವಿನ್ ಅಂಕಾಹಾಸ್ ಕೂಡ ಅಲ್ಲಿಯವರೇ.

ಈ ಊರುಗಳಲ್ಲಿ ಹಬ್ಬ ಬಂದರೆ ಚೌಕದಲ್ಲಿ ಹಗ್ಗ ಕಟ್ಟಿ ರಿಂಗ್ ಮಾಡುತ್ತಾರೆ. ನಮ್ಮ ಕಡೆ ಜಾತ್ರೆಯಲ್ಲಿ ಕುಸ್ತಿ ಕಣ ಹಾಕಿದ ಹಾಗೆ. ಎಂಟು-ಹತ್ತು ವರ್ಷದ ಹುಡುಗರು ಮೊದಲು ಕೈ ಹಾಕುವುದು ಅಲ್ಲೇ. ಆ ಪಂದ್ಯಗಳ ಲೆಕ್ಕ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ "ಈತ ಅಮೆಚೂರ್ ಆಗಿ (ದುಡ್ಡಿಗೆ ಆಡುವ ಪ್ರೊಫೆಷನಲ್ ಆಗುವ ಮೊದಲು) ಇಷ್ಟು ಗೆದ್ದಿದ್ದ" ಅಂತ ಯಾರಾದರೂ ಸಂಖ್ಯೆ ಹೇಳಿದರೆ ನಕ್ಕು ಸುಮ್ಮನಾಗಿ. ನೀವು ನಂಬಬಹುದಾದ ದಾಖಲೆ ಶುರುವಾಗುವುದು ಪಲಾರೊಂಗ್ ಪಂಬನ್ಸಾ ಎಂಬ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಿಂದ, ಇಲ್ಲವೇ ಬಟಾಂಗ್ ಪಿನಾಯ್ ಎಂಬ ಮಕ್ಕಳ ಕೂಟದಿಂದ. ಅಲ್ಲಿ ಮಿಂಚಿದವರನ್ನು ದೇಶದ ಬಾಕ್ಸಿಂಗ್ ಸಂಸ್ಥೆ ಅಬಾಪ್ ಎತ್ತಿಕೊಳ್ಳುತ್ತದೆ. ಆಮೇಲೆ ಮನಿಲಾದ ರಿಸಾಲ್ ಮೆಮೋರಿಯಲ್ ಕ್ರೀಡಾಂಗಣ, ಬಾಗಿಯೊ ಬೆಟ್ಟದ ತಂಪಿನಲ್ಲಿ ಕ್ಯಾಂಪ್. ಅಬಾಪ್ ತಂಡದ ಪಟ್ಟಿಯಲ್ಲಿ 48ರಿಂದ 52 ಕಿಲೋ ನಡುವಿನ ಹೆಸರುಗಳನ್ನು ಗುರುತು ಹಾಕಿಕೊಂಡರೆ ನಿಮ್ಮ ಹುಡುಕಾಟ ಅರ್ಧ ಮುಗಿಯಿತು.

ಹುಡುಗಿಯರನ್ನು ಬಿಡಬೇಡಿ. ಪ್ಯಾರಿಸ್‌ನಲ್ಲಿ 50 ಕಿಲೋ ವಿಭಾಗದ ಕಂಚು ತಂದ ಆಯ್ರಾ ವಿಯೆಗಾಸ್ ಟಕ್ಲೋಬಾನ್‌ನವರು.

ಅಮೆಚೂರ್ ಪಂದ್ಯ ನೋಡುವಾಗ

ಮೂರು ಸುತ್ತು, ಒಂದೊಂದು ಮೂರು ನಿಮಿಷ. ಐವರು ತೀರ್ಪುಗಾರರು. 10 ಔನ್ಸ್ ಗ್ಲೌಸ್. ಗಂಡಸರ ದೊಡ್ಡ ಕೂಟಗಳಲ್ಲಿ 2013ರಿಂದ ತಲೆಗೆ ಕವಚ ಇಲ್ಲ. ಒಂಬತ್ತು ನಿಮಿಷದಲ್ಲಿ ಎಲ್ಲ ಮುಗಿಯಬೇಕು ಅಂದಮೇಲೆ ಕಾಯುವುದಕ್ಕೆ ಸಮಯವಿಲ್ಲ. ವೇಗ, ಕಾಲು, ದೂರದಿಂದ ಬಂದು ಹೊಡೆದು ಹೋಗುವುದು, ಇವಕ್ಕೆ ಇಲ್ಲಿ ಬೆಲೆ. ಹೊಟ್ಟೆಗೆ ನಿಧಾನವಾಗಿ ಹೊಡೆದು ಹಿಂಡುವ ಹುಡುಗ ಇಲ್ಲಿ ಸೋಲುತ್ತಾನೆ, ಪ್ರೊಫೆಷನಲ್ ಆದಮೇಲೆ ಗೆಲ್ಲುತ್ತಾನೆ. ಅಮೆಚೂರ್ ಸೋಲು ಕಂಡು ಹುಡುಗನನ್ನು ಕೈಬಿಡಬೇಡಿ ಅನ್ನುವುದು ಅದಕ್ಕೇ.

ಕಾರ್ಲೊ ಪಾಲಮ್ ಕಥೆಯನ್ನು ಪಾಠದ ಹಾಗೆ ಇಟ್ಟುಕೊಳ್ಳಬಹುದು. ಬುಕಿಡ್ನಾನ್‌ನಲ್ಲಿ ಹುಟ್ಟಿ, ಕಗಯಾನ್ ಡಿ ಓರೊದ ಕಸದ ಗುಡ್ಡೆಯಲ್ಲಿ ಮಾರಲು ಬರುವ ವಸ್ತು ಆಯುತ್ತಿದ್ದ ಹುಡುಗ. ಪಾರ್ಕಿನಲ್ಲಿ ನಡೆಯುತ್ತಿದ್ದ ಬಾಕ್ಸಿಂಗ್ ಪಂದ್ಯದಲ್ಲಿ ಆಡಿ ಊರಿನ ತಂಡ ಸೇರಿದರು. 2018ರ ಏಷ್ಯನ್ ಗೇಮ್ಸ್‌ನಲ್ಲಿ 49 ಕಿಲೋ ವಿಭಾಗದ ಸೆಮಿಫೈನಲ್. ಎದುರಿಗೆ ನಮ್ಮ ಅಮಿತ್ ಪಂಘಾಲ್. 3-2ರಲ್ಲಿ ಪಂಘಾಲ್ ಗೆದ್ದು, ಮುಂದೆ ಚಿನ್ನವನ್ನೂ ಗೆದ್ದರು. ಪಾಲಮ್‌ಗೆ ಕಂಚು. ಮೂರು ವರ್ಷದ ನಂತರ ಟೋಕಿಯೊದಲ್ಲಿ ಪಂಘಾಲ್ ಮೊದಲ ಪಂದ್ಯದಲ್ಲೇ ಹೊರಬಿದ್ದರು. ಪಾಲಮ್ ಕ್ವಾರ್ಟರ್‌ಫೈನಲ್‌ನಲ್ಲಿ ಹಿಂದಿನ ಸಲದ ಚಿನ್ನದ ವಿಜೇತ, ಉಜ್ಬೆಕಿಸ್ತಾನದ ಜೋಯಿರೊವ್‌ರನ್ನು ಸೋಲಿಸಿದರು. ಆ ಪಂದ್ಯ ತಲೆಗೆ ತಲೆ ತಾಗಿ ಗಾಯವಾಗಿ ಎರಡನೇ ಸುತ್ತಿನಲ್ಲೇ ನಿಂತಿತು. ಅಷ್ಟರವರೆಗಿನ ಅಂಕಗಳಲ್ಲಿ ಪಾಲಮ್ ಮುಂದಿದ್ದರು. ಫೈನಲ್‌ನಲ್ಲಿ ಬ್ರಿಟನ್ನಿನ ಗಲಾಲ್ ಯಫಾಯ್ ಮೊದಲ ಸುತ್ತಿನಲ್ಲೇ ಅವರನ್ನು ಬೀಳಿಸಿದರು. ಎದ್ದು ಹೋರಾಡಿದರೂ ತೀರ್ಪು 4-1. ಬೆಳ್ಳಿ.

ಈಗ ತೂಕದ ಪ್ರಶ್ನೆ ಕೇಳಿ. 2018ರಲ್ಲಿ 49 ಕಿಲೋ, 2021ರಲ್ಲಿ 52 ಕಿಲೋ, 2024ರ ಪ್ಯಾರಿಸ್‌ನಲ್ಲಿ 57 ಕಿಲೋ. ಯಾಕೆ? ರಿಯೊ ಒಲಿಂಪಿಕ್ಸ್ ಆದಮೇಲೆ 49 ಕಿಲೋ ವಿಭಾಗವನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು. ಫಿಲಿಪ್ಪೀನ್ಸ್‌ಗೆ ಅದು ಸಣ್ಣ ಪೆಟ್ಟಲ್ಲ. 1988ರ ಸೋಲ್‌ನಲ್ಲಿ ಲಿಯೊಪೋಲ್ಡೊ ಸೆರಾಂಟಿಸ್‌ಗೆ ಕಂಚು, 1992ರಲ್ಲಿ ರೋಯೆಲ್ ವೆಲಾಸ್ಕೊಗೆ ಕಂಚು, 1996ರಲ್ಲಿ ಅವರ ತಮ್ಮ ಮನ್ಸುಯೆಟೊಗೆ ಬೆಳ್ಳಿ. ಮೂರೂ ಬಂದದ್ದು ಆ ಲೈಟ್ ಫ್ಲೈವೇಟ್‌ನಲ್ಲೇ. ಇನ್ನು ಪ್ಯಾರಿಸ್‌ನಲ್ಲಿ ಗಂಡಸರಿಗೆ 51 ಆದಮೇಲೆ ನೇರ 57. ಮೈ ಬೆಳೆದು 53-54ಕ್ಕೆ ಬಂದ ಹುಡುಗ ಏನು ಮಾಡಬೇಕು? ಒಂದೋ ಸಾಯುವಷ್ಟು ಇಳಿಸಬೇಕು, ಇಲ್ಲ ತನಗಿಂತ ದೊಡ್ಡವರ ಜೊತೆ ಆಡಬೇಕು. ಪಾಲಮ್ ಎರಡನೆಯದನ್ನು ಆರಿಸಿಕೊಂಡು ಕ್ವಾರ್ಟರ್‌ಫೈನಲ್‌ವರೆಗೆ ಹೋದರು. ಪ್ರೊಫೆಷನಲ್‌ನಲ್ಲಿ 105, 108, 112, 115, 118 ಅಂತ ಮೂರು-ನಾಲ್ಕು ಪೌಂಡಿಗೊಂದು ಮೆಟ್ಟಿಲಿದೆ. ಸಣ್ಣ ಮೈಯ ಹುಡುಗರು ಅಮೆಚೂರ್ ಬಿಡಲು ದುಡ್ಡಿನಷ್ಟೇ ದೊಡ್ಡ ಕಾರಣ ಇದು.

ಯಾವಾಗ ಪ್ರೊ ಆಗುತ್ತಾನೆ, ಯಾಕೆ ಆಗುತ್ತಾನೆ

ಇಲ್ಲಿ ಎರಡು ದಾರಿ ಇವೆ. ನಿಮ್ಮ ಹುಡುಗ ಯಾವುದರಲ್ಲಿ ಹೋದ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಮೊದಲನೆಯದು ಹಸಿವಿನ ದಾರಿ. ಪ್ಯಾಕಿಯಾವ್ 1995ರ ಜನವರಿ 22ರಂದು ಸಬ್ಲಾಯಾನ್ ಎಂಬ ಊರಿನಲ್ಲಿ ಮೊದಲ ಪ್ರೊ ಪಂದ್ಯ ಆಡಿದಾಗ ಅವರಿಗೆ 16 ವರ್ಷ. ತೂಕ ಕಡಿಮೆ ಬರುತ್ತದೆ ಅಂತ ಜೇಬಿನಲ್ಲಿ ಭಾರ ಇಟ್ಟುಕೊಂಡು ತಕ್ಕಡಿ ಹತ್ತಿದ್ದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ನಾಲ್ಕು ಸುತ್ತಿನ ಪಂದ್ಯ, ಅಂಕಗಳ ಮೇಲೆ ಗೆಲುವು. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಯಾವುದೂ ಇಲ್ಲ. ಈ ದಾರಿಯಲ್ಲಿ ಬಂದವರು ರಿಂಗಿನಲ್ಲೇ ಕಲಿಯುತ್ತಾರೆ, ಹಾಗಾಗಿ ಆರಂಭದಲ್ಲಿ ಸೋಲುತ್ತಾರೆ ಕೂಡ. ಪ್ಯಾಕಿಯಾವ್‌ರ ಮೊದಲ ಸೋಲು 1996ರಲ್ಲಿ, ರುಸ್ಟಿಕೊ ಟೊರೆಕಾಂಪೊ ಕೈಯಲ್ಲಿ, ಮೂರನೇ ಸುತ್ತಿನ ನಾಕೌಟ್.

ಎರಡನೆಯದು ರಾಷ್ಟ್ರೀಯ ತಂಡದ ದಾರಿ. ಇದರಲ್ಲಿ ಬಂದವರನ್ನು ತಡೆಯುವ ಸಂಗತಿಗಳೂ ಇವೆ. ಗಣರಾಜ್ಯ ಕಾಯ್ದೆ 10699ರ ಪ್ರಕಾರ ಒಲಿಂಪಿಕ್ಸ್ ಚಿನ್ನಕ್ಕೆ ಸರ್ಕಾರ 1 ಕೋಟಿ ಪೆಸೊ ಕೊಡುತ್ತದೆ, ಬೆಳ್ಳಿಗೆ 50 ಲಕ್ಷ, ಕಂಚಿಗೆ 20 ಲಕ್ಷ. ಜೊತೆಗೆ ಸೇನೆಯಲ್ಲಿ ನೌಕರಿ ಸಿಗುತ್ತದೆ, ನಮ್ಮಲ್ಲಿ ಸರ್ವಿಸಸ್ ಬಾಕ್ಸರ್‌ಗಳಿಗೆ ಸಿಗುವಂತೆಯೇ. ಟೋಕಿಯೊ ಕಂಚಿನ ಯೂಮಿರ್ ಮಾರ್ಸಿಯಲ್ ವಾಯುಪಡೆಯವರು, ಅಲ್ಲೇ ಬೆಳ್ಳಿ ಗೆದ್ದ ನೆಸ್ತಿ ಪೆಟೆಸಿಯೊ ಕೋಸ್ಟ್ ಗಾರ್ಡ್‌ನವರು. ತಿಂಗಳ ಸಂಬಳ, ಪಿಂಚಣಿ ಬಿಟ್ಟು ನಾಲ್ಕು ಸುತ್ತಿನ ಪಂದ್ಯದ ಚಿಲ್ಲರೆ ದುಡ್ಡಿಗೆ ಯಾರು ಬರುತ್ತಾರೆ? ಅಟ್ಲಾಂಟಾದಲ್ಲಿ ಬೆಳ್ಳಿ ಗೆದ್ದ ಮನ್ಸುಯೆಟೊ ವೆಲಾಸ್ಕೊ ಪ್ರೊ ಆಗಲೇ ಇಲ್ಲ, ಟಿವಿ-ಸಿನಿಮಾದಲ್ಲಿ ಹಾಸ್ಯ ನಟರಾದರು. ನನ್ನ ಪ್ರಕಾರ ಜಾಣತನ.

2016ರಿಂದ ಪ್ರೊ ಬಾಕ್ಸರ್‌ಗಳೂ ಒಲಿಂಪಿಕ್ಸ್ ಆಡಬಹುದು. ಮಾರ್ಸಿಯಲ್ 2020ರ ಡಿಸೆಂಬರಿನಲ್ಲಿ ಪ್ರೊ ಆಗಿ, ಮರುವರ್ಷ ಒಲಿಂಪಿಕ್ಸ್ ಪದಕವನ್ನೂ ಗೆದ್ದರು. ಹಾಗಾಗಿ ಈಗಿನ ಹುಡುಗರ ಲೆಕ್ಕದಲ್ಲಿ ಅಮೆಚೂರ್, ಪ್ರೊ ಎರಡೂ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಎರಡನೇ ದಾರಿಯಲ್ಲಿ ಬಂದು ಪ್ರೊ ಆದವರಿಗೆ ಬಾರಿಗಾ ಒಳ್ಳೆಯ ಉದಾಹರಣೆ. 2012ರ ಲಂಡನ್‌ಗೆ ಫಿಲಿಪ್ಪೀನ್ಸ್‌ನಿಂದ ಹೋದ ಒಬ್ಬನೇ ಬಾಕ್ಸರ್. ಆಗ ಇನ್ನೂ ಗುದ್ದು ಎಣಿಸುವ ಕಂಪ್ಯೂಟರ್ ಅಂಕ. ಕಜಕಸ್ತಾನದ ಬಿರ್ಜಾನ್ ಜಾಕಿಪೊವ್ ಎದುರು 17-16ರಲ್ಲಿ ಸೋತರು. ರೆಫ್ರಿ ಕೊಟ್ಟ ಎಚ್ಚರಿಕೆಯಿಂದ ಹೋದ ಎರಡು ಅಂಕ ಅವರನ್ನು ಮುಳುಗಿಸಿತು. 2016ರಲ್ಲಿ ಪ್ರೊ ಆದರು. 2018ರ ಡಿಸೆಂಬರ್ 1ರಂದು ಲಾಸ್ ಏಂಜಲಿಸ್‌ನಲ್ಲಿ, ಹೆವಿವೇಟ್‌ನ ವೈಲ್ಡರ್-ಫ್ಯೂರಿ ಪಂದ್ಯದ ರಾತ್ರಿಯೇ, ಐಬಿಎಫ್‌ನ 105 ಪೌಂಡ್ ಬೆಲ್ಟಿಗೆ ಆಡಿ ಕಾರ್ಲೋಸ್ ಲಿಕೋನಾ ಎದುರು ಸ್ಪ್ಲಿಟ್ ಡಿಸಿಷನ್‌ನಲ್ಲಿ, ಅಂದರೆ ತೀರ್ಪುಗಾರರ ಒಡೆದ ತೀರ್ಪಿನಲ್ಲಿ, ಸೋತರು. ಅಷ್ಟು ಹೊತ್ತಿಗೆ ಅವರು ಆಡಿದ್ದು 9 ಪ್ರೊ ಪಂದ್ಯ, ಒಂಬತ್ತೂ ಗೆಲುವು. ಹತ್ತನೇ ಪಂದ್ಯಕ್ಕೇ ವಿಶ್ವ ಬೆಲ್ಟ್. ಒಲಿಂಪಿಯನ್‌ಗೆ ಸಿಗುವ ಲಾಭ ಅದು: ಸಾಲು ಬೇಗ ಮುಂದೆ ಹೋಗುತ್ತದೆ. ನಷ್ಟವೂ ಅದೇ. 12 ಸುತ್ತಿನ ಅಭ್ಯಾಸ ಆಗುವ ಮೊದಲೇ 12 ಸುತ್ತು ಆಡಬೇಕಾಗುತ್ತದೆ.

ಹೊರದೇಶದಲ್ಲಿ ಅಮೆಚೂರ್ ಆಡಿದ ಫಿಲಿಪಿನೊಗಳದ್ದು ಬೇರೆಯೇ ಲೆಕ್ಕ. ಡೊನೇರ್ ಹುಡುಗರಾಗಿದ್ದಾಗಲೇ ಅಮೆರಿಕಕ್ಕೆ ಹೋದರು. 2000ದ ಒಲಿಂಪಿಕ್ಸ್ ಆಯ್ಕೆಯಲ್ಲಿ ಅವರನ್ನು ಸೋಲಿಸಿದ್ದು ಹವಾಯಿಯ ಬ್ರಯನ್ ವಿಲೋರಿಯಾ, ಅವರೂ ಫಿಲಿಪಿನೊ ಮೂಲದವರೇ. ಮುಂದೆ ಇಬ್ಬರೂ ಫ್ಲೈವೇಟ್ ವಿಶ್ವ ಚಾಂಪಿಯನ್ ಆದರು.

ದಾಖಲೆಯನ್ನು ಎಡದಿಂದ ಬಲಕ್ಕೆ ಓದಬೇಡಿ

ಬಾಕ್ಸ್‌ರೆಕ್ ಎಂಬ ವೆಬ್‌ಸೈಟಿನಲ್ಲಿ ಪ್ರತಿ ಪ್ರೊ ಬಾಕ್ಸರನ ಪಂದ್ಯಗಳ ಪಟ್ಟಿ ಇರುತ್ತದೆ. ಹೊಸಬರು ಮೊದಲು ನೋಡುವುದು ಗೆಲುವಿನ ಸಂಖ್ಯೆ. 20 ಗೆಲುವು, ಸೋಲಿಲ್ಲ, 15 ನಾಕೌಟ್ ಅಂತ ಕಂಡರೆ ಬಾಯಿ ಬಿಡುತ್ತಾರೆ. ಸ್ವಲ್ಪ ತಡೆಯಿರಿ.

ಮೊದಲು ಪಂದ್ಯ ನಡೆದ ಊರು ನೋಡಿ. ಆಮೇಲೆ ಎದುರಾಳಿಯ ದಾಖಲೆ. ಸಾಲು ಸಾಲಾಗಿ ಇಂಡೊನೇಷ್ಯಾ, ಥಾಯ್ಲೆಂಡಿನಿಂದ ಕರೆಸಿದ ಎದುರಾಳಿಗಳು, ಅವರು ಹಿಂದಿನ ಐದಾರು ಪಂದ್ಯ ಸೋತವರು, ಎಲ್ಲವೂ ನಿಮ್ಮ ಹುಡುಗನ ಸ್ವಂತ ಪ್ರಾಂತ್ಯದಲ್ಲಿ ನಡೆದದ್ದು ಅಂತಿದ್ದರೆ ಆ 20 ಗೆಲುವಿಗೆ ಅಷ್ಟೇನೂ ಬೆಲೆಯಿಲ್ಲ. ಪ್ರೊಮೋಟರ್ ಹುಡುಗನನ್ನು ಬೆಳೆಸುತ್ತಿದ್ದಾನೆ, ಅಷ್ಟೆ. ಅದರಲ್ಲಿ ತಪ್ಪೂ ಇಲ್ಲ. ಆದರೆ ಹತ್ತು ಸುತ್ತಿನ ಪಂದ್ಯದಲ್ಲಿ ಇನ್ನೊಬ್ಬ ಗಟ್ಟಿ ಫಿಲಿಪಿನೊನನ್ನು ಎದುರಿಸಿದ್ದಾನಾ ಅಂತ ಹುಡುಕಿ. ಫಿಲಿಪಿನೊ ವಿರುದ್ಧ ಫಿಲಿಪಿನೊ ಆಡುವ ಪಂದ್ಯಗಳೇ ನಿಜವಾದ ಪರೀಕ್ಷೆ, ಇಬ್ಬರೂ ಪಕ್ಕದ ಜಿಮ್‌ನವರ ಮುಂದೆ ಮಾನ ಕಳೆದುಕೊಳ್ಳಲು ಒಪ್ಪುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ನಿಯೆಟೆಸ್ ಮತ್ತು ಆಸ್ಟನ್ ಪಾಲಿಕ್ಟೆ ಕ್ಯಾಲಿಫೋರ್ನಿಯಾದಲ್ಲಿ ಬೆಲ್ಟಿಗಾಗಿ ಆಡಿದ್ದು ಅಂಥದ್ದೇ, ಡ್ರಾ ಆಯಿತು.

ಥಾಯ್ ಎದುರಾಳಿಗಳ ಹೆಸರಿನಲ್ಲಿ ಗಲಿಬಿಲಿ ಆಗುತ್ತದೆ. ಅಲ್ಲಿ ಬಾಕ್ಸರ್‌ಗಳು ಜಿಮ್ ಹೆಸರನ್ನೋ ಪ್ರಾಯೋಜಕರ ಹೆಸರನ್ನೋ ತಮ್ಮ ಹೆಸರಿಗೆ ಅಂಟಿಸಿಕೊಳ್ಳುತ್ತಾರೆ. ಪ್ಯಾಕಿಯಾವ್‌ರನ್ನು ಸೋಲಿಸಿದ ಮೆಡ್ಗೋನ್ ಸಿಂಗ್‌ಸುರಾತ್‌ಗೆ ಬ್ಯಾಟರಿ ಕಂಪನಿಯೊಂದರ ಹೆಸರಿನಲ್ಲಿ ಮೆಡ್ಗೋನ್ 3ಕೆ ಬ್ಯಾಟರಿ ಅಂತಲೂ ಕರೆಯುತ್ತಿದ್ದರು. ಒಬ್ಬನೇ ಮನುಷ್ಯ ಎರಡು ಪಂದ್ಯಗಳಲ್ಲಿ ಎರಡು ಹೆಸರಿನಲ್ಲಿ ಕಂಡರೆ ಗಾಬರಿ ಬೇಡ.

ಸೋಲನ್ನೂ ಹೀಗೇ ಓದಿ. ನಿಯೆಟೆಸ್ 2004ರಲ್ಲಿ ಜಕಾರ್ತಾಗೆ ಹೋಗಿ ಅಲ್ಲಿಯವರೇ ಆದ ಆಂಗ್ಕಿ ಆಂಗ್ಕೋಟಾ ಎದುರು ಸ್ಪ್ಲಿಟ್ ಡಿಸಿಷನ್‌ನಲ್ಲಿ ಸೋತರು. ಮೂವರು ತೀರ್ಪುಗಾರರಲ್ಲಿ ಒಬ್ಬ ಇವರ ಪರ, ಇಬ್ಬರು ಅವರ ಪರ. ಎದುರಾಳಿಯ ಊರು. ಇಂಥ ಸೋಲನ್ನು ಅರ್ಧ ಸೋಲು ಅಂತಲೇ ಬರೆದುಕೊಳ್ಳಿ. ಅದಾದ ಮೇಲೆ 2022ರವರೆಗೆ ಅವರನ್ನು ಯಾರೂ ಸೋಲಿಸಲಿಲ್ಲ. ಸೆಬುವಿನ ಎಎಲ್ಎ ಜಿಮ್‌ನಲ್ಲಿ ಕಸ ಗುಡಿಸುವ ಕೆಲಸದಿಂದ ಶುರು ಮಾಡಿದವರು ಅವರು. 2017ರ ಏಪ್ರಿಲ್ 29ರಂದು ಸೆಬುವಿನಲ್ಲೇ ಐಬಿಎಫ್ ಫ್ಲೈವೇಟ್ ಬೆಲ್ಟ್ ಗೆದ್ದರು. ಅಷ್ಟು ಹೊತ್ತಿಗೆ 105, 108 ಎರಡರಲ್ಲೂ ಬೆಲ್ಟ್ ಬಂದಿತ್ತು. 2018ರ ಕೊನೆಯ ದಿನ ಮಕಾವ್‌ನಲ್ಲಿ ಕಜುಟೊ ಇಯೋಕಾರನ್ನು ಸೋಲಿಸಿ 115ರದ್ದನ್ನೂ ತಂದರು. ಹತ್ತು ವರ್ಷದ ಮೇಲಾದರೂ ಹತ್ತೇ ಪೌಂಡ್ ಮೇಲೆ ಹೋದವರು. ಮೈಯನ್ನು ಹಾಗೆ ಕಾಪಾಡಿಕೊಂಡವರು ಅಪರೂಪ.

ಇನ್ನು ಪಂದ್ಯಗಳ ನಡುವಿನ ಅಂತರ. ವರ್ಷಕ್ಕೆ ಮೂರು-ನಾಲ್ಕು ಆಡುತ್ತಿದ್ದವನು ಇದ್ದಕ್ಕಿದ್ದಂತೆ ಹದಿನೆಂಟು ತಿಂಗಳು ಕಾಣದಿದ್ದರೆ ಗಾಯ, ಇಲ್ಲವೇ ಮ್ಯಾನೇಜರ್ ಜೊತೆ ಜಗಳ, ಇಲ್ಲವೇ ಪ್ರೊಮೋಟರ್ ಬಾಗಿಲು ಮುಚ್ಚಿದ್ದಾನೆ. 2020ರಲ್ಲಿ ಎಎಲ್ಎ ಮುಚ್ಚಿದಾಗ ಸೆಬುವಿನ ಹಲವರು ಹೀಗೆ ದಿಕ್ಕಿಲ್ಲದಂತಾದರು.

ತಕ್ಕಡಿಯ ದಿನ

ನಾನು ಪಂದ್ಯಕ್ಕಿಂತ ಗಮನವಿಟ್ಟು ನೋಡುವುದು ಹಿಂದಿನ ದಿನದ ತೂಕವನ್ನು. ವಿಡಿಯೊ ಸಿಗುತ್ತದೆ, ಬಿಡಬೇಡಿ.

ಅಮೆಚೂರ್ ಕೂಟದಲ್ಲಿ ಆಡುವ ದಿನ ಬೆಳಿಗ್ಗೆಯೇ ತೂಕ. ಅದೇ ದಿನ ರಿಂಗಿಗೆ ಹೋಗಬೇಕು, ಹಾಗಾಗಿ ತುಂಬಾ ಇಳಿಸಲು ಆಗುವುದಿಲ್ಲ. ಪ್ರೊ ಆದಮೇಲೆ ತೂಕ ಹಿಂದಿನ ದಿನ. ಸುಮಾರು 24 ಗಂಟೆ ಸಿಗುತ್ತದೆ. ಅಲ್ಲಿಂದ ಶುರುವಾಗುತ್ತದೆ ಆಟ. 58 ಕಿಲೋ ಇರುವ ಹುಡುಗ ಬೆವರು ಸುರಿಸಿ, ನೀರು ಬಿಟ್ಟು, ಉಗುಳಿ ಉಗುಳಿ 50.8ಕ್ಕೆ ಇಳಿಯುತ್ತಾನೆ. ತಕ್ಕಡಿಯಿಂದ ಇಳಿದ ಕೂಡಲೇ ನೀರು, ಉಪ್ಪು, ಅನ್ನ. ಕಳೆದುಕೊಂಡ ನೀರನ್ನು ಕುಡಿದ ತಕ್ಷಣ ದೇಹದ ಎಲ್ಲ ಭಾಗಕ್ಕೂ ಅದು ವಾಪಸ್ ಹೋಗಿಬಿಡುವುದಿಲ್ಲ. ಒಣಗಿದ ಮೈಯಲ್ಲಿ ತಲೆಗೆ ಪೆಟ್ಟು ಬಿದ್ದರೆ ಅಪಾಯ ಜಾಸ್ತಿ ಅನ್ನುವ ಭಯ ನಮ್ಮಂಥ ಡಾಕ್ಟರ್‌ಗಳಿಗೆ ಯಾವಾಗಲೂ ಇದೆ.

ವಿಡಿಯೊದಲ್ಲಿ ಏನು ನೋಡಬೇಕು? ತುಟಿ ಒಡೆದಿದೆಯಾ, ಕಣ್ಣು ಗುಳಿ ಬಿದ್ದಿದೆಯಾ, ಕೆನ್ನೆ ಒಳಗೆ ಹೋಗಿದೆಯಾ. ತಕ್ಕಡಿ ಹತ್ತುವಾಗ ಯಾರದ್ದಾದರೂ ಭುಜ ಹಿಡಿಯುತ್ತಾನಾ. ಟವೆಲ್ ಅಡ್ಡ ಹಿಡಿದು ಒಳಉಡುಪನ್ನೂ ತೆಗೆದು ತೂಗುತ್ತಿದ್ದಾರೆ ಅಂದರೆ ಕೊನೆಯ ಗ್ರಾಂವರೆಗೂ ಹೋರಾಡಿದ್ದಾರೆ ಅಂತ. ಮರುದಿನ ಪಂದ್ಯದಲ್ಲಿ ಮೊದಲ ಎರಡು ಸುತ್ತು ಮುಖ ಬಿಟ್ಟು ಕಾಲು ನೋಡಿ. ತೂಕ ಇಳಿಸಿ ಸೋತವನ ಕಾಲು ಮೊದಲು ಹೇಳುತ್ತದೆ. ಆಮೇಲೆ ಹೊಟ್ಟೆಗೆ ಬಿದ್ದ ಗುದ್ದು ತಡೆಯಲು ಆಗುವುದಿಲ್ಲ.

1999ರ ಸೆಪ್ಟೆಂಬರಿನ ಪ್ಯಾಕಿಯಾವ್ ಪಂದ್ಯ ಇದಕ್ಕೆ ಪಠ್ಯಪುಸ್ತಕ. ಹಿಂದಿನ ವರ್ಷ ಡಿಸೆಂಬರಿನಲ್ಲಿ ಥಾಯ್ಲೆಂಡಿನಲ್ಲೇ ಚಾಚಾಯ್ ಸಾಸಾಕುಲ್‌ರನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಡಬ್ಲ್ಯುಬಿಸಿ ಎಂಬ ಇನ್ನೊಂದು ವಿಶ್ವ ಸಂಸ್ಥೆಯ ಫ್ಲೈವೇಟ್ ಬೆಲ್ಟ್ ಗೆದ್ದಿದ್ದರು. ಈಗ ಮತ್ತೆ ಥಾಯ್ಲೆಂಡ್, ನಖೋನ್ ಸಿ ಥಮ್ಮರಾತ್. ಆದರೆ 112ಕ್ಕೆ ಇಳಿಯಲು ಆಗಲಿಲ್ಲ. ಬೆಲ್ಟ್ ತಕ್ಕಡಿಯ ಮೇಲೇ ಹೋಯಿತು. ಮರುದಿನ ಮೂರನೇ ಸುತ್ತಿನಲ್ಲಿ ಮೆಡ್ಗೋನ್ ಹೊಟ್ಟೆಗೆ ಹೊಡೆದ ಗುದ್ದಿಗೆ ಕುಸಿದರು. ಬರೀ ಗೆಲುವು-ಸೋಲಿನ ಪಟ್ಟಿ ಓದಿದವರು "ಮುಗಿಯಿತು ಈ ಹುಡುಗನ ಕಥೆ" ಅಂದುಕೊಳ್ಳುತ್ತಾರೆ. ಮುಂದಿನ ಸಾಲಿನ ತೂಕ ನೋಡಿ. ಆ ವರ್ಷ ಮುಗಿಯುವ ಮೊದಲೇ ಅವರು 122 ಪೌಂಡ್ ವಿಭಾಗದಲ್ಲಿ ಆಡುತ್ತಿದ್ದಾರೆ. ನಡುವಿನ ಎರಡು ಮೆಟ್ಟಿಲು ಹಾರಿ! ಅವರಿಗೆ ಆಗ 20 ವರ್ಷ, ಮೈ ಇನ್ನೂ ಬೆಳೆಯುತ್ತಿತ್ತು. 2001ರಲ್ಲಿ ಲೆಹ್ಲೊ ಲೆಡ್ವಾಬಾರನ್ನು ಸೋಲಿಸಿ ಆ ತೂಕದ ಬೆಲ್ಟೂ ಬಂತು. ಒಟ್ಟು ಎಂಟು ತೂಕಗಳಲ್ಲಿ ಚಾಂಪಿಯನ್ ಆದ ಮನುಷ್ಯನ ಮೊದಲ ವಿಶ್ವ ಬೆಲ್ಟ್ ಫ್ಲೈವೇಟಿನದ್ದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಸಂಸ್ಥೆಗಳು ಸ್ವಲ್ಪ ಕಡಿವಾಣ ಹಾಕಿವೆ. ಡಬ್ಲ್ಯುಬಿಸಿ ಪಂದ್ಯಕ್ಕೆ 30 ದಿನ ಮೊದಲು, 7 ದಿನ ಮೊದಲು ಕೂಡ ತೂಕ ನೋಡುತ್ತದೆ. ಐಬಿಎಫ್ ಪಂದ್ಯದ ದಿನ ಬೆಳಿಗ್ಗೆ ಇನ್ನೊಮ್ಮೆ ತೂಗುತ್ತದೆ, ಮಿತಿಗಿಂತ 10 ಪೌಂಡ್ ಜಾಸ್ತಿ ಇರಬಾರದು. ನಿಮ್ಮ ಹುಡುಗ ಯಾವ ಸಂಸ್ಥೆಯ ಬೆಲ್ಟಿಗೆ ಆಡುತ್ತಿದ್ದಾನೆ ಅನ್ನುವುದು ಹೀಗೂ ಮುಖ್ಯ. ದೊಡ್ಡ ಮೈ ಇಟ್ಟುಕೊಂಡು ಇಳಿಸುವವನಿಗೆ ಐಬಿಎಫ್ ಕಷ್ಟ.

ಗೆದ್ದವನನ್ನೂ ಪಂದ್ಯ ಮುಗಿದ ಮೇಲೆ ಗಮನಿಸಿ. 2009ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಸೆಬುವಿನ ಝೀ ಗೊರೆಸ್ ಪಂದ್ಯ ಗೆದ್ದು, ರಿಂಗಿನಲ್ಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ, ಶಸ್ತ್ರಚಿಕಿತ್ಸೆ. ಜೀವ ಉಳಿಯಿತು, ಬಾಕ್ಸಿಂಗ್ ಮುಗಿಯಿತು. ಫಿಲಿಪ್ಪೀನ್ಸ್‌ನಲ್ಲಿ ಪ್ರೊ ಬಾಕ್ಸರನಿಗೆ ಲೈಸೆನ್ಸ್ ಕೊಡುವುದು ಗೇಮ್ಸ್ ಅಂಡ್ ಅಮ್ಯೂಸ್‌ಮೆಂಟ್ಸ್ ಬೋರ್ಡ್, ಎಲ್ಲರೂ ಗ್ಯಾಬ್ ಅನ್ನುತ್ತಾರೆ. ಮೆಡಿಕಲ್ ಪಾಸಾಗದೆ ಆ ಲೈಸೆನ್ಸ್ ಇಲ್ಲ. ಯಾವುದಾದರೂ ಹುಡುಗ ಗ್ಯಾಬ್ ಲೈಸೆನ್ಸ್ ಇಲ್ಲದೆ ಹೊರದೇಶದಲ್ಲಿ ಆಡುತ್ತಿದ್ದಾನೆ ಅಂತ ಸುದ್ದಿ ಬಂದರೆ ಸಂಭ್ರಮಿಸಬೇಡಿ.

ಪಾಂಚೊ ವಿಲ್ಲಾ ಸತ್ತದ್ದು ಹೇಗೆ ಅಂತ ಓದಿದಾಗ ನನಗೆ ಹೊಟ್ಟೆ ಉರಿಯಿತು. 1925ರ ಜುಲೈ 4ರಂದು ಕ್ಯಾಲಿಫೋರ್ನಿಯಾದಲ್ಲಿ ಜಿಮ್ಮಿ ಮೆಕ್‌ಲಾರ್ನಿನ್ ಜೊತೆ ಪಂದ್ಯ. ಹಲ್ಲಿನ ಸೋಂಕಿನಿಂದ ಮುಖ ಊದಿತ್ತು. ಹಾಗೇ ಆಡಿ ಅಂಕಗಳ ಮೇಲೆ ಸೋತರು. ಸೋಂಕು ಗಂಟಲಿಗೆ ಇಳಿಯಿತು. ಲುಡ್ವಿಗ್ಸ್ ಆಂಜೈನಾ ಅನ್ನುತ್ತೇವೆ, ನಾಲಿಗೆಯ ಕೆಳಗೆ ಊದಿ ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಜುಲೈ 14ರಂದು ಹೋಗಿಬಿಟ್ಟರು. 23 ವರ್ಷ. ಪೆನಿಸಿಲಿನ್ ಬರಲು ಇನ್ನೂ ಕಾಲ ಇತ್ತು, ನಿಜ. ಆದರೆ ಊದಿದ ಮುಖದವನನ್ನು ರಿಂಗಿಗೆ ಬಿಡಬಾರದು ಅನ್ನುವುದಕ್ಕೆ ಪೆನಿಸಿಲಿನ್ ಬೇಕಿರಲಿಲ್ಲ.

ಬೆಲ್ಟುಗಳ ಕಾಡು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಜವಾದ ವಿಶ್ವ ಬೆಲ್ಟ್ ಕೊಡುವುದು ನಾಲ್ಕು ಸಂಸ್ಥೆಗಳು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಅದರ ಕೆಳಗೆ ಗ್ಯಾಬ್‌ನ ಫಿಲಿಪ್ಪೀನ್ಸ್ ಬೆಲ್ಟ್, ಏಷ್ಯಾ-ಪೆಸಿಫಿಕ್ ಭಾಗದ ಓಪಿಬಿಎಫ್ ಬೆಲ್ಟ್, ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಹೀಗೆ ಹಲವು. ಈ ಕೆಳಗಿನ ಬೆಲ್ಟುಗಳ ಉಪಯೋಗ ಒಂದೇ, ಗೆದ್ದವನನ್ನು ನಾಲ್ಕರಲ್ಲೊಂದು ಸಂಸ್ಥೆಯ ಮೊದಲ ಹದಿನೈದರ ಪಟ್ಟಿಗೆ ತಳ್ಳುವುದು. ಹೆಸರಿನ ಹಿಂದೆ "ಇಂಟರಿಮ್" ಅಂತ ಇದ್ದರೆ ಅಸಲಿ ಚಾಂಪಿಯನ್ ಬೇರೆ ಇದ್ದಾನೆ ಅಂತ. ಐಬಿಒ ಈ ನಾಲ್ಕರಲ್ಲಿ ಸೇರಿಲ್ಲ. ಡೇವ್ ಅಪೊಲಿನಾರಿಯೊ 2022ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಐಬಿಒ ಫ್ಲೈವೇಟ್ ಗೆದ್ದರು. 2024ರಲ್ಲಿ ಐಬಿಎಫ್ ಬೆಲ್ಟಿಗೆ ಮೆಕ್ಸಿಕೊ ಸಿಟಿಗೆ ಹೋದಾಗ ಆಂಜೆಲ್ ಅಯಾಲಾ ಆರನೇ ಸುತ್ತಿನಲ್ಲಿ ಮಲಗಿಸಿದರು. ಎರಡು ಬೆಲ್ಟುಗಳ ನಡುವಿನ ಅಂತರ ಅಷ್ಟು.

ಪಟ್ಟಿಯಲ್ಲಿ ಮೇಲೆ ಬಂದವನಿಗೂ ಬೆಲ್ಟ್ ಪಂದ್ಯ ಸಾಮಾನ್ಯವಾಗಿ ತನ್ನ ಊರಿನಲ್ಲಿ ಸಿಗುವುದಿಲ್ಲ. ದುಡ್ಡು ಜಪಾನಿನಲ್ಲಿದೆ, ಅಮೆರಿಕದಲ್ಲಿದೆ. ಬರ್ನಾಬೆ ವಿಲ್ಯಾಕಾಂಪೊ 1969ರಲ್ಲಿ ಒಸಾಕಾಗೆ ಹೋಗಿ ಗೆದ್ದರು, ಎರ್ಬಿಟೊ ಸಲವಾರಿಯಾ 1970ರಲ್ಲಿ ಬ್ಯಾಂಕಾಕ್‌ಗೆ, ಫ್ರಾಂಕ್ ಸೆಡೆನೊ 1983ರಲ್ಲಿ ಲಂಡನ್ನಿಗೆ. ಡೊನೇರ್ 2007ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್‌ನಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದ ವಿಕ್ ಡಾರ್ಚಿನ್ಯಾನ್‌ರನ್ನು ಐದನೇ ಸುತ್ತಿನಲ್ಲಿ ಒಂದೇ ಎಡಗೈ ಹುಕ್‌ಗೆ ಬೀಳಿಸಿದ್ದು ನೋಡಿ. ಹಿಂದಿನ ವರ್ಷ ಡಾರ್ಚಿನ್ಯಾನ್ ಸೋಲಿಸಿದ್ದು ಡೊನೇರ್‌ರ ಅಣ್ಣ ಗ್ಲೆನ್‌ರನ್ನು. ಯಾರೂ ಡೊನೇರ್ ಮೇಲೆ ದುಡ್ಡು ಕಟ್ಟಿರಲಿಲ್ಲ. ಸಲಹೆ: ಆ ಒಂದು ಪಂದ್ಯವನ್ನು ನಿಧಾನಗತಿಯಲ್ಲಿ ನೋಡಿ, ಡಾರ್ಚಿನ್ಯಾನ್ ಮುನ್ನುಗ್ಗುವುದನ್ನು ಡೊನೇರ್ ಹೇಗೆ ಕಾಯುತ್ತಾರೆ ಅಂತ.

ನೋಡುವ ವ್ಯವಸ್ಥೆ

ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ, ಟೋಕಿಯೊ ಮೂರೂವರೆ ಗಂಟೆ. ಅಲ್ಲಿನ ರಾತ್ರಿ ಪಂದ್ಯ ನಮಗೆ ಸಂಜೆ ಚಹಾ ಹೊತ್ತಿಗೆ ಬರುತ್ತದೆ. ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಿಗ್ಗೆ. ಪ್ಯಾಕಿಯಾವ್ ಆಡುವ ಭಾನುವಾರ ದಾವಾವೋದಲ್ಲಿ ಜೀಪ್ನಿ, ಅಂದರೆ ಅಲ್ಲಿನ ಜೀಪಿನಂಥ ಮಿನಿಬಸ್ಸು, ಕೂಡ ಸಿಗುತ್ತಿರಲಿಲ್ಲ, ಡ್ರೈವರ್‌ಗಳೂ ಟಿವಿ ಮುಂದೆ.

ಫ್ಲೈವೇಟ್‌ನವರು ಮುಖ್ಯ ಪಂದ್ಯದಲ್ಲಿ ಇರುವುದು ಕಡಿಮೆ. ಕಾರ್ಡಿನ, ಅಂದರೆ ಆ ದಿನದ ಪಂದ್ಯಗಳ ಪಟ್ಟಿಯ, ಕೆಳಭಾಗ ನೋಡಿ, ಪ್ರಸಾರ ಶುರುವಾಗುವ ಮೊದಲ ಗಂಟೆಯಲ್ಲೇ ಅವರ ಪಂದ್ಯ ಮುಗಿದುಹೋಗಿರಬಹುದು. ಊರಿನ ಸಣ್ಣ ಕಾರ್ಡುಗಳನ್ನು ಅಲ್ಲಿನ ಪ್ರೊಮೋಟರ್‌ಗಳು ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಹಾಕುತ್ತಾರೆ. ಕ್ಯಾಮೆರಾ ಅಲುಗಾಡುತ್ತದೆ, ಕಾಮೆಂಟರಿ ಅಲ್ಲಿನ ಬಿಸಾಯಾ ಭಾಷೆಯಲ್ಲಿ ಇರುತ್ತದೆ. ಧ್ವನಿ ಕಡಿಮೆ ಮಾಡಿ ನೋಡಿ, ಮೂಲೆಯಲ್ಲಿ ಕೋಚ್ ಏನು ತೋರಿಸುತ್ತಿದ್ದಾರೆ ಅಂತ ಕೈ ಗಮನಿಸಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಪಂದ್ಯಕ್ಕೆ ಒಂದು ಸಾಲು: ತಾರೀಕು, ಊರು, ಇಬ್ಬರ ತೂಕ, ಎಷ್ಟು ಸುತ್ತಿಗೆ ಒಪ್ಪಿದ್ದು, ಎಷ್ಟನೇ ಸುತ್ತಿಗೆ ಮುಗಿದದ್ದು. ಫಲಿತಾಂಶದ ಕಾಲಂ ಕೊನೆಯಲ್ಲಿರಲಿ. ಒಬ್ಬ ಹುಡುಗನದ್ದೇ ಸಾಕು ಮೊದಲಿಗೆ, 17-18 ವರ್ಷದವನು, ಅಬಾಪ್ ತಂಡದಲ್ಲಿ ಈಗಷ್ಟೇ ಹೆಸರು ಬಂದವನು. ಅವನ ತೂಕದ ಕಾಲಂ ಎರಡು ವರ್ಷ ಒಂದೇ ಕಡೆ ನಿಂತಿದ್ದು, ಎತ್ತರ ಮಾತ್ರ ಬೆಳೆಯುತ್ತಿದೆ ಅಂತ ಕಂಡರೆ, ಮುಂದಿನ ಪಂದ್ಯಕ್ಕೆ ಮೊದಲು ಅವನ ತಕ್ಕಡಿ ವಿಡಿಯೊ ಹುಡುಕಿ.